ಆಡಂ ಸ್ಮಿತ್ ಹೇಳಿದ್ದು, ಧಾತು ಬರದಲ್ಲಿ ನಡೆದದ್ದು

ಪ್ರಶ್ನೆ: ನಾನು ಪದವಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. "ಸರ್ಕಾರ ಆರ್ಥಿಕ ವ್ಯವಹಾರಕ್ಕೆ ಕೈ ಹಾಕಬಾರದು ಎಂದು ಆಡಂ ಸ್ಮಿತ್ ಹೇಳಿದ; ಭಾರತಕ್ಕೆ ಮುಕ್ತ ಮಾರುಕಟ್ಟೆ 1991ರಲ್ಲಿ ಬಂತು" ಎಂದು ನಮ್ಮ ನೋಟ್ಸ್‌ನಲ್ಲಿದೆ. ಮನೆಯಲ್ಲಿ ಅಪ್ಪ, ಸರ್ಕಾರ ಇಲ್ಲದಿದ್ದರೆ ವ್ಯಾಪಾರಿಗಳು ಬಡವರನ್ನು ಬದುಕಲು ಬಿಡುವುದಿಲ್ಲ ಅನ್ನುತ್ತಾರೆ. ಚಿಕ್ಕಪ್ಪ, ರೈತನಿಗೆ ಮೊದಲ ಶತ್ರುವೇ ಸರ್ಕಾರ ಅನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ? ಅನ್ನಭಾಗ್ಯದಲ್ಲಿ ಅಕ್ಕಿಯ ಬದಲು ಹಣ ಕೊಟ್ಟದ್ದು ಮುಕ್ತ ಮಾರುಕಟ್ಟೆ ನೀತಿಯೇ?

ಉತ್ತರ: ನಿಮ್ಮ ನೋಟ್ಸ್‌ನ ಎರಡೂ ಮಾತು ತಪ್ಪು. ಸ್ಮಿತ್ ಹಾಗೆ ಹೇಳಲಿಲ್ಲ. ಮುಕ್ತ ಮಾರುಕಟ್ಟೆಯ ವಿಚಾರ ನಮ್ಮ ನಾಡಿಗೆ ಬಂದದ್ದೂ 1991ರಲ್ಲಿ ಅಲ್ಲ. ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಧಾತು–ಈಶ್ವರ ಸಂವತ್ಸರಗಳ (1876–78) ಬರದಲ್ಲಿ, ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿಯ ಹಳ್ಳಿಗಳ ಮೇಲೆ ಅದು ಸರ್ಕಾರಿ ನೀತಿಯಾಗಿ ಜಾರಿಯಾಗಿತ್ತು. ಅಪ್ಪ–ಚಿಕ್ಕಪ್ಪಂದಿರ ವಾದ ಬಗೆಹರಿಯಬೇಕಾದರೆ ಆ ಬರವನ್ನು ಅರ್ಥಮಾಡಿಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. ಅಲ್ಲಿಗೆ ಹೋಗುವ ಮೊದಲು ಫ್ರಾನ್ಸ್ ಮತ್ತು ಸ್ಕಾಟ್ಲೆಂಡ್ ಕಡೆ ಒಂದು ಸುತ್ತು ಹೋಗಿ ಬರೋಣ.

ಮಾರುಕಟ್ಟೆ–ಸರ್ಕಾರದ ಈ ವಾದ ಹುಟ್ಟಿದ್ದು ಕಾರ್ಖಾನೆಯ ಬಗ್ಗೆಯಲ್ಲ, ಷೇರುಪೇಟೆಯ ಬಗ್ಗೆಯೂ ಅಲ್ಲ. ಅದು ಹುಟ್ಟಿದ್ದು ಧಾನ್ಯದ ಬಗ್ಗೆ. ಊಟದ ಬೆಲೆ ನೋಡಿಕೊಳ್ಳುವುದು ದೊರೆಯ ಧರ್ಮ ಎಂಬುದು ಬಹಳ ಹಳೆಯ ನಂಬಿಕೆ. ಕೌಟಿಲ್ಯನ ಅರ್ಥಶಾಸ್ತ್ರ ವರ್ತಕನ ಲಾಭವನ್ನು ಸ್ಥಳೀಯ ಸರಕಿಗೆ ಶೇಕಡಾ 5, ಹೊರದೇಶದ ಸರಕಿಗೆ ಶೇಕಡಾ 10 ಎಂದು ಗೊತ್ತುಮಾಡುತ್ತದೆ. ಹದಿನೆಂಟನೇ ಶತಮಾನದ ಫ್ರಾನ್ಸ್‌ನಲ್ಲೂ ಹೀಗೇ ಇತ್ತು. ಗೋಧಿಯನ್ನು ಎಲ್ಲಿ ಮಾರಬೇಕು, ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾವ ಪ್ರಾಂತ್ಯದಿಂದ ಯಾವ ಪ್ರಾಂತ್ಯಕ್ಕೆ ಸಾಗಿಸಬಹುದು ಎಂಬುದನ್ನೆಲ್ಲ ಅಧಿಕಾರಿಗಳೇ ಹೇಳುತ್ತಿದ್ದರು. ಇದರಿಂದ ಒಂದು ಪ್ರಾಂತ್ಯದಲ್ಲಿ ಬೆಳೆ ಹೋದಾಗ ಪಕ್ಕದ ಪ್ರಾಂತ್ಯದ ಕಣಜದಲ್ಲಿ ಗೋಧಿ ತುಂಬಿದ್ದರೂ ಗಡಿ ದಾಟುತ್ತಿರಲಿಲ್ಲ. ಕೆನೆ, ಗೂರ್ನೆ ಮುಂತಾದ ಫ್ರೆಂಚ್ ಅರ್ಥಚಿಂತಕರು ಇದನ್ನು ಪ್ರಶ್ನಿಸಿದರು. 'ಲೆಸೆ ಫೇರ್', ಅಂದರೆ 'ಮಾಡಗೊಡಿ, ಬಿಟ್ಟುಬಿಡಿ' ಎಂಬ ಮಾತು ಆ ಬಳಗದ ಮೂಲಕ ಪ್ರಚಾರಕ್ಕೆ ಬಂತು. ಸ್ಮಿತ್ ತನ್ನ ಪುಸ್ತಕದಲ್ಲಿ ಆ ಮಾತನ್ನು ಒಮ್ಮೆಯೂ ಬಳಸಿಲ್ಲ.

ಆ ಬಳಗಕ್ಕೆ ಹತ್ತಿರವಿದ್ದ ಒಬ್ಬನನ್ನು ನೀವು ಚೆನ್ನಾಗಿ ಪರಿಚಯ ಮಾಡಿಕೊಳ್ಳಬೇಕು. ಅವನು ಟ್ಯೂರ್ಗೊ. 1761ರಿಂದ 1774ರವರೆಗೆ ಲಿಮೋಜ್ ಎಂಬ ಬಡ ಪ್ರಾಂತ್ಯದ ಆಡಳಿತಾಧಿಕಾರಿಯಾಗಿದ್ದ. 1770ರ ಸುಮಾರಿಗೆ ಅಲ್ಲಿ ಬೆಳೆ ಕೈಕೊಟ್ಟಿತು. ಬೆಲೆ ಕಟ್ಟಿಹಾಕಿ, ವರ್ತಕರ ಉಗ್ರಾಣ ಒಡೆಯಿರಿ ಎಂಬ ಕೂಗೆದ್ದಾಗ ಟ್ಯೂರ್ಗೊ ಒಪ್ಪಲಿಲ್ಲ. ಬೆಲೆ ಏರಿದರೆ ಮಾತ್ರ ಹೊರಗಿನ ಗೋಧಿ ಇಲ್ಲಿಗೆ ಬರುತ್ತದೆ, ಬೆಲೆ ಅದುಮಿದರೆ ಇದ್ದದ್ದೂ ಅಡಗುತ್ತದೆ ಎಂಬುದು ಅವನ ವಾದ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ರಸ್ತೆ ಕೆಲಸ ತೆರೆದು ಗಂಡಾಳುಗಳಿಗೆ ಕೂಲಿ ಕೊಟ್ಟ, ಹೆಂಗಸರಿಗೆ ನೂಲುವ ಕೆಲಸ ಕೊಟ್ಟ. ಜಮೀನ್ದಾರರು ತಮ್ಮ ಪಾಲುಗಾರ ಒಕ್ಕಲುಗಳನ್ನು ಮುಂದಿನ ಸುಗ್ಗಿಯವರೆಗೆ ಸಾಕಲೇಬೇಕು, ಹೊರಹಾಕುವಂತಿಲ್ಲ ಎಂದು ಆಜ್ಞೆ ಹೊರಡಿಸಿದ. ಧಾನ್ಯದ ಬೆಲೆಯನ್ನು ಮುಟ್ಟಲಿಲ್ಲ, ಬಡವನ ಕೈಗೆ ಆ ಬೆಲೆ ತೆರುವ ಶಕ್ತಿ ಕೊಟ್ಟ. ಮುಕ್ತ ಮಾರುಕಟ್ಟೆ ವಿಚಾರದ ಈ ಎರಡು ಅರ್ಧಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಎರಡನೇ ಅರ್ಧ ಹೇಗೆ ಕಳೆದುಹೋಯಿತು ಎಂಬುದರದೇ.

ಅದೇ ಟ್ಯೂರ್ಗೊ 1774ರಲ್ಲಿ ಇಡೀ ಫ್ರಾನ್ಸ್‌ನ ಹಣಕಾಸು ಮಂತ್ರಿಯಾಗಿ, ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಧಾನ್ಯ ವ್ಯಾಪಾರವನ್ನು ಮುಕ್ತಗೊಳಿಸಿದ. ಆ ವರ್ಷ ಬೆಳೆ ಚೆನ್ನಾಗಿರಲಿಲ್ಲ. 1775ರ ಏಪ್ರಿಲ್–ಮೇ ಹೊತ್ತಿಗೆ ಪ್ಯಾರಿಸ್ ಸುತ್ತಮುತ್ತ ಗಲಭೆ ಎದ್ದಿತು. ಅದನ್ನು 'ಹಿಟ್ಟಿನ ಯುದ್ಧ' ಎಂದು ಕರೆಯುತ್ತಾರೆ. ಅನೇಕ ಕಡೆ ಜನ ಹಿಟ್ಟನ್ನು ಲೂಟಿ ಮಾಡಲಿಲ್ಲ. ತಮಗೆ ನ್ಯಾಯ ಎನಿಸಿದ ಬೆಲೆಯನ್ನು ವರ್ತಕನ ಮುಂದಿಟ್ಟು ಹಿಟ್ಟು ತೆಗೆದುಕೊಂಡು ಹೋದರು. ಬೆಲೆ ಎಂಬುದು ಬರೀ ಸಂಖ್ಯೆಯಲ್ಲ, ನ್ಯಾಯದ ಪ್ರಶ್ನೆ ಎಂಬ ನಿಮ್ಮ ಅಪ್ಪನ ಮನಸ್ಸು ಅಲ್ಲಿ ಕಾಣುತ್ತದೆ. ಗಲಭೆ ಅಡಗಿಸಲು ಟ್ಯೂರ್ಗೊ ಸೈನ್ಯ ಕರೆಸಬೇಕಾಯಿತು. 1776ರ ಮೇ ತಿಂಗಳಲ್ಲಿ ಅವನ ಅಧಿಕಾರವೂ ಹೋಯಿತು.

ಅಧಿಕಾರ ಹೋಗುವುದಕ್ಕೆ ಎರಡು ತಿಂಗಳು ಮೊದಲು, ಆ ಮಾರ್ಚ್‌ನಲ್ಲಿ, ಸ್ಮಿತ್‌ನ 'ವೆಲ್ತ್ ಆಫ್ ನೇಷನ್ಸ್' ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಹತ್ತು ವರ್ಷ ಹಿಂದೆ ಪ್ಯಾರಿಸ್‌ನಲ್ಲಿದ್ದಾಗ ಸ್ಮಿತ್ ಕೆನೆಯನ್ನೂ ಟ್ಯೂರ್ಗೊವನ್ನೂ ಭೇಟಿಯಾಗಿದ್ದ. 'ಕಾಣದ ಕೈ' ಎಂಬ ಮಾತು ಆ ಇಡೀ ದೊಡ್ಡ ಪುಸ್ತಕದಲ್ಲಿ ಬರುವುದು ಒಂದೇ ಒಂದು ಸಲ. ಸರ್ಕಾರದ ಕೆಲಸಗಳ ಬಗ್ಗೆಯಾದರೋ ಅವನು ಒಂದು ಇಡೀ ಭಾಗ ಬರೆದಿದ್ದಾನೆ. ದೇಶರಕ್ಷಣೆ, ನ್ಯಾಯ, ಮತ್ತು ಯಾವ ಒಬ್ಬ ವ್ಯಾಪಾರಿಗೂ ಲಾಭ ತರದ ಆದರೆ ಸಮಾಜಕ್ಕೆ ಬೇಕೇಬೇಕಾದ ರಸ್ತೆ, ಸೇತುವೆ, ಕಾಲುವೆ, ಬಡಮಕ್ಕಳ ಶಿಕ್ಷಣ, ಇವು ಸರ್ಕಾರದ ಹೊಣೆ ಎಂದ. ಬಡ್ಡಿಗೆ ಮೇಲ್ಮಿತಿ ಇರಲಿ ಎಂದ. ಬ್ಯಾಂಕುಗಳು ಸಣ್ಣ ಮೊತ್ತದ ನೋಟು ಹೊರಡಿಸುವುದನ್ನು ತಡೆಯಬೇಕು ಎಂದ. ಇದು ವ್ಯಕ್ತಿ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೇ ಎಂದರೆ, ಬೆಂಕಿ ಹರಡದಿರಲು ಮನೆಗಳ ನಡುವೆ ಗೋಡೆ ಕಟ್ಟಿಸುವ ಕಾನೂನೂ ಅಂಥದ್ದೇ ಅಡ್ಡಿ ಎಂಬುದು ಅವನ ಉತ್ತರ. ಒಂದೇ ಕಸುಬಿನ ವರ್ತಕರು ಒಟ್ಟು ಸೇರಿದರೆ ಮಾತು ಬೆಲೆ ಏರಿಸುವ ಒಳಸಂಚಿನಲ್ಲಿ ಮುಗಿಯುತ್ತದೆ ಎಂದವನೂ ಅವನೇ. ಅವನ ಸಿಟ್ಟು ಸರ್ಕಾರ ಎಂಬುದರ ಮೇಲಲ್ಲ, ವರ್ತಕರ ಕೈಗೆ ಸಿಕ್ಕ ಸರ್ಕಾರದ ಮೇಲೆ. ಈಸ್ಟ್ ಇಂಡಿಯಾ ಕಂಪನಿಯಂಥ ವರ್ತಕರ ಕೂಟದ ಆಳ್ವಿಕೆಯನ್ನು ಅವನು ಎಲ್ಲ ಆಳ್ವಿಕೆಗಳಲ್ಲಿ ಅತ್ಯಂತ ಕೆಟ್ಟದ್ದು ಎಂದು ಕರೆದ.

ಅವನ ಬದುಕಿನ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. 1778ರಲ್ಲಿ ಸ್ಮಿತ್‌ಗೆ ಸ್ಕಾಟ್ಲೆಂಡಿನ ಸುಂಕದ ಇಲಾಖೆಯಲ್ಲಿ ಕಮಿಷನರ್ ಕೆಲಸ ಸಿಕ್ಕಿತು. ಆಮದು ನಿಷೇಧವಾದ ಬಟ್ಟೆಬರೆಗಳ ಪಟ್ಟಿಯನ್ನು ಓದಿ ತನ್ನ ಬೀರು ತೆರೆದು ನೋಡಿದರೆ, ಕೊರಳಪಟ್ಟಿ, ತೋಳಿನ ನೆರಿಗೆ, ಕರವಸ್ತ್ರ, ಹೆಚ್ಚುಕಡಿಮೆ ಎಲ್ಲವೂ ನಿಷಿದ್ಧ ಸರಕೇ. ಎಲ್ಲವನ್ನೂ ಸುಟ್ಟೆ ಎಂದು 1780ರಲ್ಲಿ ಗೆಳೆಯನೊಬ್ಬನಿಗೆ ಕಾಗದ ಬರೆದ, ನೀವೂ ನಿಮ್ಮ ಮನೆಯವರ ಬಟ್ಟೆ ಪರೀಕ್ಷಿಸಬೇಡಿ ಎಂದು ಸೇರಿಸಿದ. ಯಾರೂ ಪಾಲಿಸಲಾಗದ ಕಾನೂನು ಮಾಡಿದರೆ ಏನಾಗುತ್ತದೆ ಎಂಬುದನ್ನು ಅವನು ತನ್ನ ಮೈಮೇಲಿನ ಬಟ್ಟೆಯಿಂದಲೇ ಕಲಿತಿದ್ದ.

ಇನ್ನು ಧಾನ್ಯದ ಬಗ್ಗೆ ಅವನು ಹೇಳಿದ್ದು. ಧಾನ್ಯದ ವರ್ತಕ ಹಡಗಿನ ಯಜಮಾನನಂತೆ. ದಾಸ್ತಾನು ಸಾಲದು ಎಂದು ಮೊದಲೇ ಅರಿತ ಯಜಮಾನ ಎಲ್ಲರ ಪಡಿಯನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾನೆ, ಹಡಗು ದಡ ಸೇರುತ್ತದೆ. ವರ್ತಕ ಬೆಲೆ ಏರಿಸಿದಾಗ ಆಗುವುದೂ ಅದೇ. ಜನ ಮಿತವಾಗಿ ಬಳಸುತ್ತಾರೆ, ಧಾನ್ಯ ಮುಂದಿನ ಸುಗ್ಗಿಯವರೆಗೆ ಬರುತ್ತದೆ. ದಾಸ್ತಾನುಗಾರನ ಮೇಲಿನ ಜನರ ಭಯವನ್ನು ಸ್ಮಿತ್ ಮಾಟಗಾತಿಯರ ಮೇಲಿನ ಭಯಕ್ಕೆ ಹೋಲಿಸಿದ. ಯುರೋಪಿನಲ್ಲಿ ಅಭಾವ ಕ್ಷಾಮವಾದದ್ದು ಸರ್ಕಾರಗಳ ಬಲವಂತದ ಕ್ರಮದಿಂದ ಮಾತ್ರ ಎಂದ. ಅಲ್ಲೇ ಬಂಗಾಳವನ್ನೂ ಎತ್ತಿಕೊಂಡ. 1770ರ ಆಸುಪಾಸಿನ ಅನಾವೃಷ್ಟಿ ಅಭಾವಕ್ಕಷ್ಟೇ ಕಾರಣವಾಗಬೇಕಿತ್ತು, ಕಂಪನಿಯ ನೌಕರರು ಅಕ್ಕಿ ವ್ಯಾಪಾರಕ್ಕೆ ಹಾಕಿದ ಕಟ್ಟುಗಳು ಅದನ್ನು ಬಹುಶಃ ಕ್ಷಾಮವಾಗಿಸಿದವು ಎಂದು ಬರೆದ. ಇದರಲ್ಲಿ ಸತ್ಯವಿದೆ. ಆದರೆ ಬೆಳೆ ಹೋದಾಗ ಕೂಲಿಯೂ ಹೋದರೆ, ಹಡಗಿನಲ್ಲಿ ಕೆಲವರ ಪಡಿ ಇಳಿಯುವುದಲ್ಲ, ಪೂರ್ತಿ ನಿಂತೇ ಹೋದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಭಾಗದಲ್ಲಿ ಉತ್ತರವಿಲ್ಲ. ಆ ಉತ್ತರ ಟ್ಯೂರ್ಗೊ ಬಳಿ ಇತ್ತು.

ಭಾರತಕ್ಕೆ ಬರುವ ಕಂಪನಿಯ ಅಧಿಕಾರಿಗಳು ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ತಯಾರಾಗುತ್ತಿದ್ದರು. ಅಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು ಜನಸಂಖ್ಯೆಯ ಸಿದ್ಧಾಂತದ ಮಾಲ್ಥಸ್. ಅಲ್ಲಿ ಓದಿದವರಲ್ಲಿ ಚಾರ್ಲ್ಸ್ ಟ್ರೆವೆಲಿಯನ್ ಒಬ್ಬ. ಬಂಗಾಳದಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿ ಖಜಾನೆಯ ಹಿರಿಯ ಅಧಿಕಾರಿಯಾದ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಪ್ರಧಾನಿ ಪೀಲ್ ಗುಟ್ಟಾಗಿ ಅಮೆರಿಕದಿಂದ 1 ಲಕ್ಷ ಪೌಂಡ್ ಮೌಲ್ಯದ ಮುಸುಕಿನ ಜೋಳ ತರಿಸಿದ. ಮರುವರ್ಷ, ವಿದೇಶಿ ಧಾನ್ಯಕ್ಕೆ ಸುಂಕ ಹೇರಿದ್ದ ಕಾನೂನನ್ನೂ ರದ್ದುಮಾಡಿಸಿದ. ಮುಕ್ತ ವ್ಯಾಪಾರದ ಪಕ್ಷಕ್ಕೆ ಅದು ಇತಿಹಾಸದ ದೊಡ್ಡ ಗೆಲುವು. ಆ ಗೆಲುವಿನ ಬೆನ್ನಲ್ಲೇ ಬಂದ ಹೊಸ ಸರ್ಕಾರ, ಟ್ರೆವೆಲಿಯನ್ ಸಲಹೆಯಂತೆ, ಸರ್ಕಾರ ಧಾನ್ಯ ಕೊಂಡರೆ ವರ್ತಕರು ಹಿಂಜರಿಯುತ್ತಾರೆ ಎಂದು ಕೈ ಹಿಂದೆಗೆಯಿತು. ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಜನ ಸಾಯುತ್ತಿದ್ದಾಗಲೂ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಿತ್ತು, ಏಕೆಂದರೆ ಕೊಳ್ಳುವ ಹಣ ಅಲ್ಲಿತ್ತು. ಧಾನ್ಯ ಹಸಿವಿನ ಹಿಂದೆ ಹೋಗುವುದಿಲ್ಲ, ಹಣದ ಹಿಂದೆ ಹೋಗುತ್ತದೆ. ಟ್ರೆವೆಲಿಯನ್ 1859ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ.

ಈಗ ನಮ್ಮ ಊರಿಗೆ ಬರೋಣ. 1876ರ ಮೇ ತಿಂಗಳಲ್ಲಿ ಲಂಡನ್ನಿನ ಪೊಲಿಟಿಕಲ್ ಎಕಾನಮಿ ಕ್ಲಬ್ ಗ್ಲಾಡ್‌ಸ್ಟನ್ ಅಧ್ಯಕ್ಷತೆಯಲ್ಲಿ ಸ್ಮಿತ್ ಪುಸ್ತಕದ ನೂರನೇ ವರ್ಷ ಆಚರಿಸಿತು. ಅದೇ ವರ್ಷ ದಕ್ಷಿಣದಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಹಿಂದಿನ ವರ್ಷವೇ ಮಳೆ ಕಡಿಮೆಯಾಗಿತ್ತು. ಬಯಲುಸೀಮೆಯ ರೈತನಿಗೆ ಬರ ಹೊಸದಲ್ಲ. ಅದಕ್ಕಾಗಿಯೇ ಹಗೇವು ಇತ್ತು. ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಬ್ಯಾಂಕು, ವಿಮೆ ಎರಡೂ ಅದೇ. ಆದರೆ ಹಗೇವು ಇದ್ದದ್ದು ಹೊಲವಿದ್ದವರಿಗೆ. ಕೂಲಿಯವನಿಗೆ, ನೇಕಾರನಿಗೆ ಹಗೇವು ಇಲ್ಲ. ಹೊಲದ ಕೆಲಸ ನಿಂತಿತು, ಕೂಲಿ ನಿಂತಿತು. ಹೊಟ್ಟೆಗಿಲ್ಲದ ಜನ ಬಟ್ಟೆ ಕೊಳ್ಳರು, ಮಗ್ಗವೂ ನಿಂತಿತು. ದನ ಮಾರಿದರು, ಹಿತ್ತಾಳೆ ಪಾತ್ರೆ ಮಾರಿದರು. ಎಲ್ಲರೂ ಒಟ್ಟಿಗೆ ಮಾರಲು ನಿಂತಾಗ ಅವಕ್ಕೂ ಬೆಲೆ ಬರಲಿಲ್ಲ.

ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಧಾನ್ಯವೂ ಬಂತು. ಮುಕ್ತ ವ್ಯಾಪಾರದ ಸಿದ್ಧಾಂತ ಆ ಮಟ್ಟಿಗೆ ಸುಳ್ಳಾಗಲಿಲ್ಲ. ಬೆಲೆ ಏರಿದ ಕಡೆಗೆ ಬಂಗಾಳದ ಅಕ್ಕಿ ಹಡಗು ಹತ್ತಿ, ರೈಲು ಹತ್ತಿ ಬಂದೇ ಬಂತು. ಆದರೆ ನಿಲ್ದಾಣದಾಚೆ ಅದನ್ನು ಹೊರಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಹಳ್ಳಿ ತಲುಪಿದರೂ ಕೊಳ್ಳಲು ಯಾರ ಬಳಿಯೂ ಕಾಸಿರಲಿಲ್ಲ.

ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಸರ್ಕಾರ 30,000 ಟನ್ ಧಾನ್ಯ ಕೊಳ್ಳಲು ಹೊರಟಾಗ ವೈಸ್‌ರಾಯ್ ಲಿಟ್ಟನ್ ಆಕ್ಷೇಪಿಸಿದ. ಸರ್ಕಾರ ಕೊಂಡರೆ ಖಾಸಗಿ ವ್ಯಾಪಾರ ಹೆದರುತ್ತದೆ ಎಂಬ ಐರ್ಲೆಂಡಿನ ಮಾತೇ ಮತ್ತೆ ಬಂತು. 1877ರ ಜನವರಿಯಲ್ಲಿ ಖರ್ಚು ಹಿಡಿತಕ್ಕೆ ತರಲು ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದರು. ಈ ಟೆಂಪಲ್‌ನೇ ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ. ದುಂದು ಮಾಡಿದ ಎಂದು ಬೈಸಿಕೊಂಡಿದ್ದ. ಈ ಸಲ ಹಾಗೆ ಬೈಸಿಕೊಳ್ಳಲು ತಯಾರಿರಲಿಲ್ಲ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸು ಎಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಮಣ್ಣಿನ ಕೆಲಸ ಮಾಡುವವನಿಗೆ ದಿನಕ್ಕೆ ಅಷ್ಟು ರಾಗಿ ಸಾಕೇ ಎಂದು ಮುದ್ದೆ ತಟ್ಟುವ ಯಾವ ತಾಯಿಯನ್ನು ಬೇಕಾದರೂ ಕೇಳಿ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದು ಕೊಲ್ಲುವ ಪಡಿ ಎಂದು ಲೆಕ್ಕ ಹಾಕಿ ತೋರಿಸಿ ಹೋರಾಡಿದ. ಕೊನೆಗೆ ಮದರಾಸು ಸರ್ಕಾರ ಪಡಿಯನ್ನು ಸ್ವಲ್ಪ ಏರಿಸಿತು.

ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಇದನ್ನು ತರಗತಿಯಲ್ಲಿ ಹೇಳುವಾಗ ನಾನು ಎರಡೂ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. 1881ರಲ್ಲಿ ಅಧಿಕಾರ ಒಡೆಯರಿಗೆ ಮರಳಿದಾಗ ಹೊಸ ಸರ್ಕಾರದ ಹೆಗಲ ಮೇಲೆ ಬರದ 80 ಲಕ್ಷ ರೂಪಾಯಿ ಸಾಲವೂ ಇತ್ತು. ಮೈಸೂರು–ಬೆಂಗಳೂರು ನಡುವೆ ನೀವು ಓಡಾಡುವ ರೈಲುಹಾದಿಯ ಮಣ್ಣಿನ ಕೆಲಸ ಶುರುವಾದದ್ದು ಆ ಬರದ ಪರಿಹಾರವಾಗಿ.

ಈ ಸಾವುಗಳನ್ನು ಸ್ಮಿತ್‌ನ ತಲೆಗೆ ಕಟ್ಟುವುದು ಅನ್ಯಾಯ. ತಮ್ಮದಲ್ಲದ ಜನರ ಮೇಲೆ ಖರ್ಚು ಮಾಡಲು ಮನಸ್ಸಿಲ್ಲದ ಆಡಳಿತ ಅವನ ಒಂದು ಅಧ್ಯಾಯವನ್ನು ಕವಚವಾಗಿ ತೊಟ್ಟುಕೊಂಡಿತು. 1880ರ ಕ್ಷಾಮ ಆಯೋಗ ಕೊನೆಗೆ ಟ್ಯೂರ್ಗೊನ ಎರಡನೇ ಅರ್ಧಕ್ಕೆ ಬಂದು ತಲುಪಿತು. ವ್ಯಾಪಾರವನ್ನು ಮುಟ್ಟುವುದು ಬೇಡ, ಆದರೆ ಬರ ಮೊದಲು ಕಿತ್ತುಕೊಳ್ಳುವುದು ಕೂಲಿಯನ್ನು, ಆದ್ದರಿಂದ ಕೆಲಸ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ಅದರಿಂದ ಕ್ಷಾಮ ಸಂಹಿತೆ, ಅಂದರೆ ಬರ ಬಂದಾಗ ಅಧಿಕಾರಿಗಳು ಏನೇನು ಮಾಡಬೇಕು ಎಂಬ ನಿಯಮಾವಳಿ, ಹುಟ್ಟಿತು. 2005ರ ಉದ್ಯೋಗ ಖಾತರಿ ಕಾಯ್ದೆಯ ಬೇರು ಅಲ್ಲಿಯವರೆಗೂ ಹೋಗುತ್ತದೆ. 1943ರ ಬಂಗಾಳದಲ್ಲಿ ಎರಡೂ ಅರ್ಧಗಳು ಒಟ್ಟಿಗೆ ಮುರಿದವು. ಪ್ರಾಂತ್ಯಗಳು ಗಡಿ ಮುಚ್ಚಿ ಧಾನ್ಯ ತಡೆದವು, ಯುದ್ಧದ ಹಣದುಬ್ಬರ ಕೂಲಿಯವನ ಕಾಸಿನ ಬೆಲೆ ಕಿತ್ತಿತು, ಲಕ್ಷಾಂತರ ಜನ ಸತ್ತರು. ಧಾನ್ಯ ಇದೆಯೇ ಎಂಬುದಕ್ಕಿಂತ ಅದನ್ನು ಪಡೆಯುವ ಹಕ್ಕು ಯಾರಿಗಿದೆ ಎಂದು ಕೇಳಬೇಕು ಎಂಬ ಅಮರ್ತ್ಯ ಸೇನರ 1981ರ ವಾದ ಮುಖ್ಯವಾಗಿ ಆ ಬರದ ಅಧ್ಯಯನದಿಂದ ಬೆಳೆದದ್ದು.

ಇಷ್ಟು ಓದಿದ ಮೇಲೆ ಅಪ್ಪನೇ ಗೆದ್ದರು ಅನ್ನಬೇಡಿ. ಚಿಕ್ಕಪ್ಪನ ಸರದಿ ಇದೆ.

ಬರದ ಕಾಲದಲ್ಲಿ ಹದಿಹರೆಯದ ಹುಡುಗನಾಗಿದ್ದ ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು. ಪಶ್ಚಿಮದ ಅರ್ಥಶಾಸ್ತ್ರದ ಸೂತ್ರಗಳು ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಒಂದೇ ಎಂಬುದು ಸುಳ್ಳು ಎಂದು ಪುಣೆಯಲ್ಲಿ ರಾನಡೆ 1892ರಲ್ಲೇ ಉಪನ್ಯಾಸ ಕೊಟ್ಟಿದ್ದರು. ಮೈಸೂರು ಅದನ್ನು ಮಾಡಿ ತೋರಿಸಲು ಹೊರಟಿತು. ಗಂಧದ ಕಥೆಯನ್ನೇ ತೆಗೆದುಕೊಳ್ಳಿ. ಸಂಸ್ಥಾನ ಗಂಧದ ಮರವನ್ನು ಹರಾಜಿನಲ್ಲಿ ಮಾರುತ್ತಿತ್ತು, ಹೆಚ್ಚು ಕೊಳ್ಳುತ್ತಿದ್ದವರು ಜರ್ಮನರು. 1914ರಲ್ಲಿ ಯುದ್ಧ ಬಂತು, ಖರೀದಿದಾರರು ಮಾಯವಾದರು, ಮರ ರಾಶಿ ಬಿತ್ತು. ಎಣ್ಣೆ ತೆಗೆಯುವ ವಿದ್ಯೆ ಇಲ್ಲಿನ ಯಾವ ವ್ಯಾಪಾರಿಗೂ ಗೊತ್ತಿರಲಿಲ್ಲ, ಯಾರೂ ಬಂಡವಾಳ ಹಾಕಲು ಮುಂದಾಗಲಿಲ್ಲ. ಸಂಸ್ಥಾನವೇ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆಸಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಆಮೇಲೆ ಸಾಬೂನು ಬಂತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಹತ್ತು ವರ್ಷದ ನಂತರ, 1926ರಲ್ಲಿ, ಜನರು ಈಗಾಗಲೇ ಮಾಡುತ್ತಿರುವುದನ್ನು ಸರ್ಕಾರ ಮಾಡುವುದು ಬೇಡ, ಈಗ ಯಾರೂ ಮಾಡದೇ ಇರುವುದನ್ನು ಮಾಡಲಿ ಎಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಗಂಧದ ಇನ್ನೊಂದು ಮುಖ ನೋಡಿ. ಟಿಪ್ಪುವಿನ ಕಾಲದಿಂದ ಗಂಧ ರಾಜವೃಕ್ಷ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದರೂ ಮರ ಸರ್ಕಾರದ್ದು, ಕಾಯುವ ಹೊಣೆ ರೈತನದು, ಕಳುವಾದರೆ ವಿಚಾರಣೆಯೂ ಅವನಿಗೇ. ಹೀಗಿದ್ದಾಗ ಬುದ್ಧಿವಂತ ರೈತ ಏನು ಮಾಡುತ್ತಾನೆ? ಸಸಿ ಕಂಡ ಕೂಡಲೇ ಕಿತ್ತೆಸೆಯುತ್ತಾನೆ. ಹೊಲದಲ್ಲಿರುವ ಗಂಧ ಹೊಲದವನದೇ ಎಂದು ಕರ್ನಾಟಕ ಕಾನೂನು ತಿದ್ದಿದ್ದು 2001ರಲ್ಲಿ. ಅಷ್ಟರಲ್ಲಿ ಗಂಧದ ನಾಡು ಎಂಬ ಹೆಸರು ಹಾಡಿನಲ್ಲಿ ಉಳಿದಿತ್ತು, ಬದುವಿನಲ್ಲಿ ಉಳಿದಿರಲಿಲ್ಲ. ಕಾರ್ಖಾನೆ ಕಟ್ಟಿದ ಸರ್ಕಾರವೇ ಕಚ್ಚಾಮಾಲಿನ ಬೇರು ಒಣಗಿಸಿತು ಎಂದು ನಾನು ಬಹಳ ನೋವಿನಿಂದಲೇ ಹೇಳುತ್ತೇನೆ.

ಸ್ವಾತಂತ್ರ್ಯದ ಹೊತ್ತಿಗೆ ಯೋಜನೆ ಬೇಕು ಎಂಬುದರಲ್ಲಿ ಹೆಚ್ಚು ಜಗಳವೇ ಇರಲಿಲ್ಲ. 1934ರಲ್ಲಿ ವಿಶ್ವೇಶ್ವರಯ್ಯ ಹತ್ತು ವರ್ಷದಲ್ಲಿ ದೇಶದ ಆದಾಯ ದುಪ್ಪಟ್ಟು ಮಾಡುವ ಯೋಜನೆ ಬರೆದರು. 1944ರಲ್ಲಿ ಟಾಟಾ, ಬಿರ್ಲಾ ಮುಂತಾದ ಉದ್ಯಮಿಗಳೇ 10,000 ಕೋಟಿ ರೂಪಾಯಿಯ ಯೋಜನೆ ಮುಂದಿಟ್ಟು ಸರ್ಕಾರದ ನಿಯಂತ್ರಣ ಬೇಕೆಂದರು. ಎಲ್ಲರೂ ಒಂದೇ ಕಡೆ ನಿಂತಾಗ ಬೇರೆ ಮಾತು ಆಡಿದವರು ಮಂಗಳೂರು ಸೀಮೆಯ ಬಿ.ಆರ್. ಶೆಣೈ. ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು 1955ರಲ್ಲಿ ಹಣಕಾಸು ಸಚಿವ ಸಿ.ಡಿ. ದೇಶಮುಖರ ಅಧ್ಯಕ್ಷತೆಯಲ್ಲಿ ಸೇರಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಅವರ ವಾದ ಸರಳ. ದೇಶದ ಉಳಿತಾಯಕ್ಕಿಂತ ಯೋಜನೆ ದೊಡ್ಡದು. ಕೊರತೆಯನ್ನು ನೋಟು ಅಚ್ಚು ಹಾಕಿ ತುಂಬಿದರೆ ಬೆಲೆ ಏರುತ್ತದೆ. ಬೆಲೆ ಅದುಮಲು ನಿಯಂತ್ರಣ ಬರುತ್ತದೆ. ಒಂದು ನಿಯಂತ್ರಣ ಇನ್ನೊಂದನ್ನು ಹೆರುತ್ತದೆ. ಕೊನೆಗೆ ಪ್ರಜೆಯ ಸ್ವಾತಂತ್ರ್ಯವೇ ಕುಗ್ಗುತ್ತದೆ. ಅಂತಿಮ ಯೋಜನೆಯಲ್ಲಿ ಸರ್ಕಾರಿ ವಲಯದ 4,800 ಕೋಟಿಯ ಪೈಕಿ 1,200 ಕೋಟಿ ಕೊರತೆ ಹಣಕಾಸಿನಿಂದಲೇ ಬರಬೇಕಿತ್ತು. 1957ರ ಹೊತ್ತಿಗೆ ವಿದೇಶಿ ವಿನಿಮಯ ಬರಿದಾಗಿ ಭಾರತ ಸಾಲಕ್ಕಾಗಿ ಕೈಚಾಚಿತು. ನಿಯಂತ್ರಣಗಳು ಬೆಳೆದವು. ರಾಜಾಜಿ ಇವನ್ನು 'ಪರ್ಮಿಟ್–ಲೈಸೆನ್ಸ್ ರಾಜ್' ಎಂದು ಕರೆದು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ರಾಜ್ಯದಿಂದ ರಾಜ್ಯಕ್ಕೆ ಧಾನ್ಯ ಸಾಗಿಸಲು ನಿರ್ಬಂಧ ಬಂತು. ಚೆಕ್‌ಪೋಸ್ಟ್‌ನಲ್ಲಿ ಬಸ್ ನಿಲ್ಲಿಸಿ ಸೀಟಿನಡಿಯ ಅಕ್ಕಿ ಚೀಲ ಹುಡುಕುತ್ತಿದ್ದ ದಿನಗಳು ನಿಮ್ಮ ಅಜ್ಜಿಗೆ ನೆನಪಿರಬಹುದು, ಕೇಳಿ ನೋಡಿ. ಟ್ಯೂರ್ಗೊ ತೆಗೆದುಹಾಕಿದ್ದ ಗಡಿಗಳೇ ಇಲ್ಲಿ ಮತ್ತೆ ಎದ್ದಿದ್ದವು. ಶೆಣೈ 1978ರಲ್ಲಿ ತೀರಿಕೊಂಡರು. 1991ರ ಬದಲಾವಣೆಗಳನ್ನು ನೋಡಲು ಅವರು ಇರಲಿಲ್ಲ. ಅರ್ಥಶಾಸ್ತ್ರ ಓದುವ ಕನ್ನಡದ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲದಿರುವುದು ನನಗೆ ದುಃಖದ ವಿಷಯ.

ನಿಮ್ಮ ಚಿಕ್ಕಪ್ಪನ ಮಾತಿನ ಹಿಂದೆ ರೈತ ಚಳವಳಿ ಇರಬಹುದು. 1980ರ ದಶಕದಲ್ಲಿ ಮಹಾರಾಷ್ಟ್ರದ ಶರದ್ ಜೋಶಿ, ನಮ್ಮ ಎಂ.ಡಿ. ನಂಜುಂಡಸ್ವಾಮಿ ಇಬ್ಬರೂ ಒಂದೇ ದೂರಿನಿಂದ ಹೊರಟರು: ರೈತನ ಬೆವರಿಗೆ ತಕ್ಕ ಬೆಲೆ ಬರುತ್ತಿಲ್ಲ, ಅದಕ್ಕೆ ಕಾರಣ ಸರ್ಕಾರದ ನೀತಿ. ಕೃಷಿಯನ್ನೂ ಒಳಗೊಂಡ ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವ ಬಂದಾಗ ಇಬ್ಬರೂ ಬೇರೆಯಾದರು. ಸರ್ಕಾರ ಬೆಲೆ ಅದುಮುವುದು ನಿಂತರೆ ರೈತ ಬದುಕುತ್ತಾನೆ, ಬಾಗಿಲು ತೆರೆಯಿರಿ ಎಂದರು ಜೋಶಿ. ಬಾಗಿಲು ತೆರೆದರೆ ಒಳಬರುವುದು ಸಮಾನ ವ್ಯಾಪಾರಿಯಲ್ಲ, ಬಿತ್ತನೆ ಬೀಜವನ್ನೇ ಹಿಡಿದಿಡುವ ದೈತ್ಯ ಕಂಪನಿ ಎಂದರು ನಂಜುಂಡಸ್ವಾಮಿ. 1992ರ ಡಿಸೆಂಬರ್‌ನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. ಕಚೇರಿಗೆ ನುಗ್ಗುವುದನ್ನು ನಾನು ಒಪ್ಪುವುದಿಲ್ಲ. ಆದರೆ ವರ್ತಕರ ಒಳಸಂಚಿನ ಬಗ್ಗೆ ಸ್ಮಿತ್‌ಗಿದ್ದ ಭಯ ನಂಜುಂಡಸ್ವಾಮಿಯವರಲ್ಲಿತ್ತು, ಕಟ್ಟುಪಾಡುಗಳ ಬಗ್ಗೆ ಸ್ಮಿತ್‌ಗಿದ್ದ ಸಿಟ್ಟು ಜೋಶಿಯವರಲ್ಲಿತ್ತು ಎಂದು ನನಗೆ ಕಾಣುತ್ತದೆ. ನಿಮ್ಮ ಮನೆಯ ಇಬ್ಬರೂ ಅದೇ ರೀತಿ ಒಬ್ಬನೇ ಲೇಖಕನ ಎರಡು ಪುಟ ಹಿಡಿದು ಕೂತಿದ್ದಾರೆ.

ಮಾರುಕಟ್ಟೆಯ ಪಕ್ಕಾ ಬೆಂಬಲಿಗರು ಎರಡನೇ ಅರ್ಧವನ್ನು ಒಪ್ಪುವುದಿಲ್ಲ ಎಂದೂ ತಿಳಿಯಬೇಡಿ. ಬೆಲೆ ಎಂಬುದು ಲಕ್ಷಾಂತರ ಜನರ ತಲೆಯಲ್ಲಿ ಚದುರಿರುವ ಸುದ್ದಿಯನ್ನು ಸಾಗಿಸುವ ತಂತಿ, ಯಾವ ಕಚೇರಿಯೂ ಅಷ್ಟು ಸುದ್ದಿ ಸೇರಿಸಲಾರದು ಎಂದು ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್, ಎಲ್ಲರಿಗೂ ಕನಿಷ್ಠ ಊಟ, ಬಟ್ಟೆ, ವಸತಿಯನ್ನು ಸರ್ಕಾರ ಖಾತರಿಪಡಿಸಬಹುದು ಎಂದು 1944ರಲ್ಲೇ ಬರೆದ. ಬಡವರಿಗೆ ಸರ್ಕಾರ ನೇರವಾಗಿ ಹಣ ತುಂಬಿಕೊಡುವ ಪದ್ಧತಿಯನ್ನು 1962ರಲ್ಲಿ ಸೂಚಿಸಿದವನು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ಅವನೂ ಮುಕ್ತ ಮಾರುಕಟ್ಟೆಯ ಪಕ್ಷದವನೇ.

ಹೀಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೌದು, ಒಂದು ಅರ್ಥದಲ್ಲಿ. 2023ರ ಜೂನ್‌ನಲ್ಲಿ ಕೇಂದ್ರದ ಆಹಾರ ನಿಗಮದಿಂದ ರಾಜ್ಯಗಳಿಗೆ ಅಕ್ಕಿ ಮಾರಾಟ ನಿಂತಾಗ, ಕರ್ನಾಟಕ ಸರ್ಕಾರ ಜುಲೈನಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕಿತು. ಅಂಗಡಿಯ ಬೆಲೆ ಮುಟ್ಟದೆ ಕೊಳ್ಳುವ ಶಕ್ತಿ ಕೊಡುವುದು ಟ್ಯೂರ್ಗೊನ ದಾರಿ. ಅದು ನಡೆಯುವುದು ಎರಡು ಕಡೆ ಕಾಲೂರಿದ್ದರೆ ಮಾತ್ರ. ಊರಲ್ಲಿ ಒಂದಕ್ಕಿಂತ ಹೆಚ್ಚು ಅಂಗಡಿ ಇರಬೇಕು, ಮತ್ತು ಬೆಲೆ ಏರಿದಂತೆ ಹಣವೂ ಏರಬೇಕು. ನಾಲ್ಕು ಅಂಗಡಿಗಳ ಪೈಪೋಟಿ ಇರುವ ಪೇಟೆಯಲ್ಲಿ ಹಣ ಕೈಗೆ ಬಂದರೆ ಹೆಂಗಸು ತನಗೆ ಬೇಕಾದ ಅಕ್ಕಿ, ಬೇಡವೆಂದರೆ ರಾಗಿ, ಬೇಳೆ ಕೊಳ್ಳುತ್ತಾಳೆ. ಒಂದೇ ಅಂಗಡಿಯ ಹಾಡಿಯಲ್ಲಿ ಆ 170 ರೂಪಾಯಿ ಎಷ್ಟು ಅಕ್ಕಿಯಾಗಬೇಕು ಎಂಬುದನ್ನು ಅಂಗಡಿಯವನು ಗೊತ್ತುಮಾಡುತ್ತಾನೆ. 34 ರೂಪಾಯಿಗೆ ಪೇಟೆಯಲ್ಲಿ ಸಿಗುವ ಅಕ್ಕಿ ಯಾವ ತರದ್ದು ಎಂಬುದು ಮನೆಯ ಸಾಮಾನು ತರುವವರಿಗೆಲ್ಲ ಗೊತ್ತು. 2025ರಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡಲು ಶುರುಮಾಡಿತು. ನಿಮ್ಮ ಊರಿನ ಅಂಗಡಿಗಳನ್ನು ಎಣಿಸಿ, 2023–24ರಲ್ಲಿ ಅಲ್ಲಿ ಅಕ್ಕಿ ಎಷ್ಟಕ್ಕೆ ಸಿಗುತ್ತಿತ್ತು ಎಂದು ಹತ್ತು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಪ್ಪ–ಚಿಕ್ಕಪ್ಪಂದಿರ ಮುಂದೆ ಆ ಹಾಳೆ ಇಟ್ಟು ಮಾತು ಶುರುಮಾಡಿ.